ಮೊನ್ನೆ ಅಲ್ಲ, ಮೊನೆ

ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಶಿಡ್ಲಘಟ್ಟದ ಬಸ್ಸು ಹತ್ತಿ ಕೂತಾಗ ಪಕ್ಕದ ಹೆಂಗಸು ನನ್ನ ಕಾಲ ಬಳಿ ಒದ್ದೆ ಗೋಣಿಚೀಲವೊಂದನ್ನು ಒತ್ತರಿಸಿ ಇಟ್ಟಳು. ಒಳಗೆ ಹಿಪ್ಪುನೇರಳೆ ಸೊಪ್ಪು. ಗೋಣಿಯೊಳಗೆ ಬೆಚ್ಚಗಾದ ಆ ಸೊಪ್ಪಿನ ವಾಸನೆ ಮೂಗಿಗೆ ಬಂದದ್ದೇ, ನನ್ನ ಬಾಯಿ ತನ್ನಷ್ಟಕ್ಕೆ ತಾನೇ ‘ವೆ-ರಾ-ಸ್ವಾ’ ಅಂದುಬಿಟ್ಟಿತು.

‘ಏನಮ್ಮ ಅಂದ್ರಿ?’ ಎಂದು ಕೇಳಿದಳು ಹೆಂಗಸು.

‘ರೇಷ್ಮೆ ಹುಳ’ ಅಂದೆ.

‘ಹೂಂ, ಹುಳಕ್ಕೇ ತಗೊಂಡೋಗ್ತಿರೋದು. ಸೊಪ್ಪು ಸಾಲಲಿಲ್ಲ ಈ ಸಲ’ ಎಂದು ಅವಳು ಚೀಲವನ್ನು ಇನ್ನಷ್ಟು ಒಳಕ್ಕೆ ತಳ್ಳಿದಳು.

ವೆ-ರಾ-ಸ್ವಾ ಎಂದರೆ ಫ್ರೆಂಚಿನಲ್ಲಿ ರೇಷ್ಮೆ ಹುಳವೇ. ಮೂರು ಪದ ಸೇರಿದ ಸಮಾಸ: ವೆರ್, ಆ, ಸ್ವಾ. ಹುಳ ಎನ್ನುವುದಕ್ಕೆ ಒಂದು, ರೇಷ್ಮೆ ಎನ್ನುವುದಕ್ಕೆ ಒಂದು, ನಡುವೆ ಎರಡನ್ನೂ ಹಿಡಿದುಕೊಳ್ಳುವ ಒಂಟಿ ಸ್ವರ. ಆದರೆ ಬಾಯಲ್ಲಿ ಅದು ಹಾಗೆ ಒಡೆಯುವುದಿಲ್ಲ. ಎಲ್ಲಿ ಒಡೆಯುತ್ತದೆ ಎನ್ನುವುದನ್ನು ನಾನು ಕಲಿತದ್ದು ಜಂಗಮಕೋಟೆಯ ಹುಳದ ಮನೆಯೊಂದರಲ್ಲಿ, ಒಂದು ಮಳೆಗಾಲದ ಇಪ್ಪತ್ತು ದಿನಗಳಲ್ಲಿ, ಫ್ರೆಂಚಿನ ಒಂದಕ್ಷರವೂ ಗೊತ್ತಿಲ್ಲದ ನನ್ನ ದೊಡ್ಡಮ್ಮನಿಂದ. ಆ ದಿನಗಳ ಕತೆಯನ್ನು ಎಷ್ಟೋ ಜನಕ್ಕೆ ಹೇಳಿ ಹೇಳಿ ಅದು ನಡೆದದ್ದಕ್ಕಿಂತ ಚೆನ್ನಾಗಿಬಿಟ್ಟಿದೆ. ಎಲ್ಲಿ ಬಣ್ಣ ಬಿದ್ದಿದೆ ಎಂದು ಗೊತ್ತಿರುವ ಕಡೆ ಕೆರೆದು ತೋರಿಸುತ್ತೇನೆ. ಗೊತ್ತಿಲ್ಲದ ಕಡೆ ನಾನೂ ಓದುವವರ ಹಾಗೇ.

ಆಗ ನನಗೆ ಇಪ್ಪತ್ತನಾಲ್ಕು. ಬಿ.ಎ. ಮುಗಿಸಿ, ಶಿಡ್ಲಘಟ್ಟದಿಂದ ವಾರಕ್ಕೆರಡು ದಿನ ಬೆಂಗಳೂರಿಗೆ ಹೋಗಿ ಫ್ರೆಂಚ್ ಕಲಿಯುತ್ತಿದ್ದೆ. ಯಾಕೆ ಫ್ರೆಂಚ್ ಎಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ನಿಜವಾದದ್ದು ಇಷ್ಟೇ, ನಮ್ಮ ಬೀದಿಯಲ್ಲಿ ಯಾರಿಗೂ ಬಾರದ್ದೊಂದು ನನಗೆ ಬರಬೇಕಿತ್ತು. ಸ್ಕಂದಗಿರಿ ಕಾಣುವ ಕಡೆ ಹೊಸದಾಗಿ ತೆರೆದಿದ್ದ ಒಂದು ವಸತಿ ಶಾಲೆಯವರು ಮಕ್ಕಳಿಗೆ ಫ್ರೆಂಚ್ ಹೇಳಿಕೊಡುವ ಕೆಲಸ ಕೊಡಲು ಒಪ್ಪಿದ್ದರು. ಪರೀಕ್ಷೆ ಪಾಸಾದ ಕಾಗದ ತರಬೇಕು, ಅಷ್ಟೇ. ಬರೆಯುವುದರಲ್ಲಿ ಒಳ್ಳೆಯ ಅಂಕ ಬಂತು. ಗಟ್ಟಿಯಾಗಿ ಓದುವುದರಲ್ಲಿ ಬಿದ್ದುಹೋದೆ.

ಓದಿಸಿದ ಮೇಡಂ ಬೆಂಗಳೂರಿನವರೇ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ‘ನೀವು ಓದ್ತಾ ಇಲ್ಲ ಸುಜಾತಾ, ಇಟ್ಟಿಗೆ ಜೋಡಿಸ್ತಾ ಇದೀರ. ಒಂದೊಂದು ಪದಾನೂ ಬೇರೆ ಬೇರೆ ಕೇಳುತ್ತೆ. ಒತ್ತೆಲ್ಲ ಮೊದಲಲ್ಲೇ ಬೀಳ್ತಿದೆ. ಒತ್ತು ಕೊನೇಲಿ ಬರಬೇಕು’ ಎಂದರು. ಮೂರು ವಾರ ಬಿಟ್ಟು ಇನ್ನೊಂದೇ ಅವಕಾಶ. ಅದರಾಚೆ ಕಾಯುವುದಿಲ್ಲ ಎಂದು ಶಾಲೆಯವರೂ ಹೇಳಿದ್ದರು.

ಬಸ್ಸಿನಲ್ಲಿ ನೋಟ್‌ಬುಕ್ ತೆಗೆದು ‘ಒತ್ತು - ಕೊನೆಯಲ್ಲಿ’ ಎಂದು ಬರೆದುಕೊಂಡೆ. ನನ್ನನ್ನು ಇನ್ನಷ್ಟು ಕೆಡಿಸಿದ್ದು ಆ ಪದವೇ. ಕನ್ನಡ ಓದಿದವಳ ತಲೆಯಲ್ಲಿ ಒತ್ತು ಎಂದರೆ ಅಕ್ಷರದ ಕೆಳಗೆ ನೇತಾಡುವ ಇನ್ನೊಂದು ಅಕ್ಷರ. ಕೊನೆಗೆ ಒತ್ತು ಕೊಡಬೇಕು ಎಂದು ನಾನು ಕೊನೆಯ ಅಕ್ಷರಕ್ಕೆ ನಿಜವಾಗಿ ಒತ್ತನ್ನೇ ಕೊಡತೊಡಗಿದೆ. ಚಿಲ್ಲರೆ ಹಾಕುವ ಪುಟ್ಟ ಚೀಲಕ್ಕೆ ಫ್ರೆಂಚಿನಲ್ಲಿ ಪೊರ್ತ್-ಮೊನೆ ಎನ್ನುತ್ತಾರೆ, ಚಿಲ್ಲರೆ ಹೊರುವುದು ಎಂಬ ಅರ್ಥದಲ್ಲಿ. ಬರೆಯುವಾಗ ಅದರಲ್ಲಿ ಎರಡು ನಕಾರ. ಬರಹವೂ ಜೊತೆ ಸೇರಿತು, ನಾನು ಹಲ್ಲು ಕಚ್ಚಿ ‘ಪೋರ್ಟು ಮೊನ್ನೆ, ಪೋರ್ಟು ಮೊನ್ನೆ’ ಎಂದು ಅಭ್ಯಾಸ ಮಾಡಿದೆ.

ಜಂಗಮಕೋಟೆಗೆ ಹೋದದ್ದು ಫ್ರೆಂಚಿಗಾಗಿ ಅಲ್ಲ. ‘ದೊಡ್ಡಮ್ಮ ಚಾಕಿ ಹುಳ ತಂದವ್ಳೆ, ಒಂದು ಕೈ ಬೇಕಂತೆ. ಇಲ್ಲಿ ಕೂತ್ಕೊಂಡು ಗೋಡೆ ಜೊತೆ ಮಾತಾಡೋ ಬದ್ಲು ಅಲ್ಲಿ ಹುಳದ ಜೊತೆ ಮಾತಾಡು’ ಎಂದು ಅಮ್ಮ ಕಳಿಸಿದಳು. ಚಾಕಿ ಎಂದರೆ ಎಳೆಯ ಹುಳ. ರೇಷ್ಮೆ ಹುಳ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿ, ಅಲುಗದೆ ಮಲಗಿ ಪೊರೆ ಕಳಚುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ದೊಡ್ಡಮ್ಮ ತಂದದ್ದು ಎರಡು ಜ್ವರ ದಾಟಿದ ಹುಳ. ಇನ್ನೆರಡು ಜ್ವರ ಬಾಕಿ, ಆಮೇಲೆ ಹಣ್ಣಾಗುವುದು, ಗೂಡು ಕಟ್ಟುವುದು.

ದೊಡ್ಡಮ್ಮ ನಮ್ಮಪ್ಪನ ಅಣ್ಣನ ಹೆಂಡತಿ, ಹೈಸ್ಕೂಲಿನ ಕನ್ನಡ ಟೀಚರಾಗಿ ನಿವೃತ್ತಳಾದವಳು. ಊರಿಗೆಲ್ಲ ಅವಳು ರತ್ನಮ್ಮ ಟೀಚರು. ಹುಳದ ಮನೆಯ ಬಾಗಿಲ ಒಳಗೆ ಬಾಬಾಸಾಹೇಬರ ಪಟ, ಪಕ್ಕದ ಗೂಡಿನಲ್ಲಿ ಅಂಗೈಯಷ್ಟು ಬುದ್ಧ, ಅದರ ಕೆಳಗೆ ಸುಣ್ಣದ ಪುಡಿಯ ಡಬ್ಬ. ಆ ಬಾಗಿಲಲ್ಲಿ ಕಾಲು ತೊಳೆಯದೆ ಒಳಗೆ ಬಂದರೆ ಅವಳು ಕಲೆಕ್ಟರನ್ನೂ ಬೈಯುತ್ತಿದ್ದಳು.

ಮೊದಲ ನಾಲ್ಕು ದಿನ ಪಾಠವೂ ಇಲ್ಲ, ಮಾತೂ ಇಲ್ಲ. ಸೊಪ್ಪು ಕೊಯ್ಯುವುದು, ಹೊರುವುದು, ಹರಡುವುದು. ಜಡಿಮಳೆ ಬೇರೆ, ಒದ್ದೆ ಸೊಪ್ಪು ಹಾಕಿದರೆ ಹುಳ ಕೆಡುತ್ತದೆ ಎಂದು ಎಲೆಯನ್ನು ಒಣಗಿಸುವುದೇ ಒಂದು ಕೆಲಸ. ಮೂರನೇ ಜ್ವರ ಬಂದ ದಿನ ಹುಳದ ಮನೆ ತಟ್ಟನೆ ನಿಶ್ಶಬ್ದವಾಯಿತು. ಮೇಯುವ ಸದ್ದು ಎಷ್ಟಿತ್ತು ಎನ್ನುವುದು ಅದು ನಿಂತಾಗಲೇ ನನಗೆ ಗೊತ್ತಾದದ್ದು. ಸಾವಿರಾರು ಹುಳ ತಲೆ ಎತ್ತಿ ಹಾಗೇ ನಿಂತಿದ್ದವು, ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ.

ನಾನು ಮೂಲೆಯಲ್ಲಿ ಕೂತು ಶುರುಮಾಡಿದೆ. ‘ಪೋರ್ಟು ಮೊನ್ನೆ.’

‘ಏನು ಮೊನ್ನೆ?’ ಎಂದಳು ದೊಡ್ಡಮ್ಮ.

ಹೇಳಿದೆ. ಫೋನಿನಲ್ಲಿದ್ದ ಫ್ರೆಂಚ್ ಹೆಂಗಸಿನ ದನಿಯನ್ನೂ ಕೇಳಿಸಿದೆ. ದೊಡ್ಡಮ್ಮ ಕಣ್ಣು ಮುಚ್ಚಿ ನಾಲ್ಕೈದು ಸಲ ಕೇಳಿದಳು.

‘ಅವಳು ಮೊನ್ನೆ ಅಂತಿಲ್ಲ ಕಣೇ. ಮೊನೆ ಅಂತಿದಾಳೆ. ಚಾಕು ಮೊನೆ ಇಲ್ವಾ, ಆ ಮೊನೆ.’

‘ಎರಡು ನಕಾರ ಇದೆ ದೊಡ್ಡಮ್ಮ. ಇಲ್ನೋಡು, ಬರ್ದಿದೀನಿ.’

‘ನೋಟ್‌ಬುಕ್ ಮುಚ್ಚು. ಓದು, ನಾನು ಕೇಳಿ ಹೇಳ್ತೀನಿ.’

ಅವಳು ಹುಳದ ತಟ್ಟೆಗೆ ಹಾಸಲು ತಂದ ಹಳೆಯ ಪೇಪರು ಎಳೆದು, ಅಂಚಿನ ಬಿಳಿ ಜಾಗದಲ್ಲಿ ಸ್ಕೆಚ್ ಪೆನ್ನಿನಿಂದ ಪ್ರಸ್ತಾರ ಹಾಕಿದಳು. ಪದ್ಯ ಓದುವಾಗ ಹಾಕುತ್ತೇವಲ್ಲ, ಲಘುವಿಗೆ ಬಟ್ಟಲು, ಗುರುವಿಗೆ ಅಡ್ಡಗೆರೆ. ‘ಮೊನ್ನೆ ಅಂದ್ರೆ ಏನಾಯ್ತು? ಒತ್ತಕ್ಷರದ ಹಿಂದಿಂದು ಗುರು. ನೀನು ಕೊನೇಲಿ ಒತ್ತು ಕೊಟ್ಟೆ ಅನ್ಕೊಂಡೆ, ಭಾರ ಹಿಂದಕ್ಕೆ ಜಾರಿ ಮೊದಲ ಮನೇಲಿ ಕೂತ್ಕೊಂತು. ಒತ್ತೋದಲ್ಲ ಅದು. ಎಳೆಯೋದು. ಕೊನೇದನ್ನ ಎಳೀತಾಳೆ ಅವಳು, ಚೂರೇ ಚೂರು.’

ಎರಡು ವರ್ಷ ಬೆಂಗಳೂರಿಗೆ ಬಸ್ಸು ಹತ್ತಿ ಇಳಿದು ನನಗೆ ಕೇಳಿಸದೇ ಇದ್ದದ್ದು ಇವಳಿಗೆ ಐದು ನಿಮಿಷದಲ್ಲಿ ಕೇಳಿಸಿತ್ತು.

ಅವಳಿಗೆ ತೃಪ್ತಿಯಾಗಿರಲಿಲ್ಲ. ಪೇಪರಿನ ಮೇಲೆ ಬಗ್ಗಿ ಗೊಣಗಿದಳು. ‘ಪೊರ್ತ್ ಅನ್ನೋದು ನಮ್ಮ ನಿಯಮದ ಪ್ರಕಾರ ಗುರು. ಕಿವೀಲಿ ಲಘು.’ ಹಾಕಿದ್ದ ಅಡ್ಡಗೆರೆಯನ್ನು ಹೊಡೆದು ಬಟ್ಟಲು ಬರೆದಳು. ‘ನಿಯಮ ಪಕ್ಕಕ್ಕಿಡು. ಅವರದ್ದು ಅವರ ಲೆಕ್ಕ. ಇಡೀ ಸಮಾಸಕ್ಕೆ ಒಂದೇ ಗುರು, ಕಟ್ಟಕಡೇಲಿ.’

ಆಮೇಲೆ ನಾನು ವೆರ್-ಆ-ಸ್ವಾ ಕೇಳಿಸಿದೆ, ಅರ್ಥವನ್ನೂ ಹೇಳಿದೆ. ಅವಳು ತಟ್ಟೆಗಳ ಕಡೆ ತಿರುಗಿ ಹುಳಗಳಿಗೆ ಹೇಳುವಂತೆ ಅಂದಳು: ‘ವೆ. ರಾ. ಸ್ವಾ. ನೋಡು, ವೆರ್ ಅನ್ನೋದರ ರ ಪಕ್ಕದ ಮನೆಗೆ ಹೊರಟೋಯ್ತು. ನಾವು ಊರ್ ಅಲ್ಲಿ ಅಂತೀವಾ? ಊರಲ್ಲಿ ಅಂತೀವಿ. ಪದದ ಗೋಡೆ ಬರೆಯೋರಿಗೆ, ಆಡೋರಿಗಲ್ಲ.’ ಅದಕ್ಕೆ ಬಿಳಿ ಎನ್ನುವ ಪದ ಸೇರಿಸಿ ‘ವೆ-ರಾ-ಸ್ವಾ-ಬ್ಲಾಂ’ ಎಂದು ಫೋನಿನ ಹೆಂಗಸು ಹೇಳಿದಾಗ ಸ್ವಾ ಮೇಲಿದ್ದ ಭಾರ ಇಳಿದು ಬ್ಲಾಂ ಮೇಲೆ ಹೋಗಿ ಕೂತಿತು. ದೊಡ್ಡಮ್ಮನಿಗೆ ಮೈ ಜುಮ್ಮೆಂದಿತೋ ಏನೋ, ತೋಳು ಉಜ್ಜಿಕೊಂಡಳು. ‘ಹಂಗಾದ್ರೆ ಗುರು ಯಾರ ಮನೇಲೂ ಕಾಯಂ ಇರಲ್ಲ. ಯಾರು ಕೊನೇಲಿ ನಿಂತಿದಾರೋ ಅವರಿಗೆ. ಎಂಥಾ ಭಾಷೇನೇ ಇದು!’

ಆದರೆ ಕೇಳಿದ್ದು ಬಾಯಿಗೆ ಬರುವುದು ಬೇರೆ. ಮೂರನೇ ಜ್ವರ ಎದ್ದ ಮೇಲೂ, ಸೊಪ್ಪು ಹರಡುವಾಗ, ನಾನು ಓದಿದ್ದಕ್ಕೆಲ್ಲ ದೊಡ್ಡಮ್ಮ ‘ಊಹೂಂ’ ಎನ್ನುತ್ತಿದ್ದಳು. ಕೊನೆ ಎಳೆದರೆ ಮೊದಲೂ ಉಬ್ಬುತ್ತಿತ್ತು. ಪದದ ತುದಿಗೆ ನಮ್ಮ ಉಕಾರ ಬಂದು ಅಂಟಿಕೊಳ್ಳುತ್ತಿತ್ತು, ಬಸ್ಸು ಕಾರು ಎನ್ನುವ ಬಾಯಲ್ಲವೇ. ಅಂಥ ಒಂದು ದಿನ, ಪರೀಕ್ಷೆಗೆ ಹನ್ನೊಂದು ದಿನವಿದೆ ಎಂದು ಎಣಿಸಿಕೊಂಡು ರೇಗಿ, ನೋಟ್‌ಬುಕ್ಕನ್ನು ಅವಳ ಮುಂದೆ ಹಿಡಿದೆ. ‘ಒಂದ್ಸಲ ನೋಡೇ ಹೇಳು ದೊಡ್ಡಮ್ಮ. ಮುಟ್ಟಿದ್ರೆ ಏನಾಗುತ್ತೆ ನಿಂಗೆ?’

ಅವಳ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಅಲ್ಲೇ ನಿಂತಿತು. ನಾನು ಬಳಸಿದ ಮಾತು ಯಾವುದೆಂದು ನನಗೆ ಹೊಳೆಯುವುದಕ್ಕೆ ಮುಂಚೆ ಅವಳು ನಗತೊಡಗಿದ್ದಳು. ಒಳ್ಳೆಯ ನಗೆಯಲ್ಲ.

‘ನಾನು ಹೈಸ್ಕೂಲಲ್ಲಿದ್ದಾಗ ಪಂಡಿತರೊಬ್ಬರಿದ್ರು. ಎಲ್ಲರ ನೋಟ್‌ಬುಕ್ಕೂ ತಗೊಂಡು ಪ್ರಸ್ತಾರ ತಿದ್ದೋರು. ನಂದು ಬಂದಾಗ ಕೈ ಹಿಂದಕ್ಕೆ. ಅಲ್ಲೇ ನಿಂತ್ಕೊಂಡು ಓದು, ನಾನು ಕೇಳಿ ಹೇಳ್ತೀನಿ ಅನ್ನೋರು. ಮೂರು ವರ್ಷ. ಬಾಗಿಲ ಹತ್ರ ನಿಂತ್ಕೊಂಡು ಓದ್ದೆ. ಎಲ್ಲಿ ತಪ್ಪಿದೆ ಅಂತ ಬರೆದು ತೋರಿಸೋರಿಲ್ಲ. ಅವರು ಊಹೂಂ ಅಂದ್ರೆ ನಾನೇ ಹುಡುಕ್ಕೋಬೇಕು, ಯಾವ ಅಕ್ಷರ ಅಂತ. ಬೇರೆ ಹುಡುಗೀರು ಕಣ್ಣಲ್ಲಿ ಕಲಿತ್ರು. ನಾನು ಕಿವೀಲಿ ಕಲಿತೆ.’

ಕೊನೆಯ ಎರಡು ವಾಕ್ಯ ಅವಳು ಹೇಳಿದ್ದೇ, ನಾನು ಸೇರಿಸಿದ್ದೇ ಎಂದು ಖಚಿತವಿಲ್ಲ. ಅಷ್ಟು ಹದವಾಗಿ ಮಾತು ಮುಗಿಸುವವಳಲ್ಲ ಅವಳು. ಆದರೆ ಮುಂದಿನದನ್ನು ಅವಳೇ ಹೇಳಿದ್ದು:

‘ನಿಂದು ಮುಟ್ಟದೇ ಇರೋದು ಅದಕ್ಕಲ್ಲ ಕಣಮ್ಮ. ಅದರಲ್ಲಿರೋ ಅಕ್ಷರ ಸುಳ್ಳು ಹೇಳ್ತವೆ. ನೋಡ್ಬಿಟ್ರೆ ನನ್ ಕಿವೀನೂ ಕೆಡುತ್ತೆ. ಪರೀಕ್ಷೆ ಮುಗೀಲಿ. ಆಮೇಲೆ ಕೊಡು, ಕೂತು ಓದ್ತೀನಿ.’

ನಾನು ನೋಟ್‌ಬುಕ್ಕನ್ನು ಬ್ಯಾಗಿನ ತಳಕ್ಕೆ ಹಾಕಿದೆ. ಪರೀಕ್ಷೆಯವರೆಗೂ ತೆಗೆಯಲಿಲ್ಲ.

ನಾಲ್ಕನೇ ಜ್ವರದ ದಿನ ಮಳೆ ಬಿಟ್ಟಿತ್ತು. ಸೊಪ್ಪು ಕೊಯ್ಯಲು ಬರುತ್ತಿದ್ದ ನಾರಾಯಣಮ್ಮ ಹುಳದ ಮನೆಯ ಮೆಟ್ಟಿಲ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು. ಮನೆಮಾತು ತೆಲುಗು, ನಾಲಗೆ ಎರಡರಲ್ಲೂ ಚುರುಕು. ನಾನು ಗಂಟಲಿನಿಂದ ಫ್ರೆಂಚ್ ರಕಾರ ತೆಗೆಯುವಾಗೆಲ್ಲ ಅವಳದೊಂದು ಪ್ರಶ್ನೆ ಇದ್ದೇ ಇರುತ್ತಿತ್ತು: ‘ಏಮಮ್ಮಾ, ಗೊಂತು ಪಟ್ಟೇಸಿಂದಾ?’ ಗಂಟಲು ಕಟ್ಟಿತೇ ಎಂದು.

ಅವತ್ತು ಫೋನಿನ ಹೆಂಗಸನ್ನು ಸ್ವಲ್ಪ ಹೊತ್ತು ಕೇಳಿದವಳು, ‘ಅಲ್ಲ ಟೀಚರಮ್ಮ, ಈ ಮಹಾತಾಯಿ ಯಾರನ್ನ ಕೂಗ್ತಾ ಅವ್ಳೆ?’ ಎಂದಳು.

‘ಯಾರನ್ನೂ ಇಲ್ಲ. ಓದ್ತಿದಾಳೆ’ ಅಂದೆ.

‘ಓದೋ ಹಂಗಿಲ್ಲಮ್ಮ. ತೋಟದಿಂದಾಚೆ ಇರೋರನ್ನ ಕರೆದಂಗಿದೆ.’ ಅವಳು ಎದ್ದು, ಹಿಪ್ಪುನೇರಳೆ ಸಾಲುಗಳ ಆಚೆ ಇದ್ದ ಸೊಸೆಯತ್ತ ಬಾಯಿ ತಿರುಗಿಸಿದಳು. ‘ಮಂಜುಳಾಆಆ! ಕುಡುಗೋಲು ತಾರೇಏಏ!’

ದೊಡ್ಡಮ್ಮ ಸೊಪ್ಪಿನ ಬುಟ್ಟಿ ಕೆಳಗಿಟ್ಟಳು. ‘ಪ್ಲುತ’ ಅಂದಳು. ಆಮೇಲೆ ನನ್ನ ಭುಜ ಹಿಡಿದು ಅಲ್ಲಾಡಿಸಿ, ‘ಪ್ಲುತ ಕಣೇ ಸುಜಾತ! ಹ್ರಸ್ವ, ದೀರ್ಘ, ಪ್ಲುತ. ನಲವತ್ತು ವರ್ಷ ಪಾಠ ಮಾಡಿದೀನಿ, ದೂರದಲ್ಲಿರೋರನ್ನ ಕರೆಯುವಾಗ ಕೊನೆ ಸ್ವರ ಎಳೀತೀವಿ ಅಂತ. ಕರೆಯುವಾಗ ನಮ್ಮ ಬಾಯೂ ಹಂಗೇ ಆಡುತ್ತೆ! ಮೊದಲದ್ದೆಲ್ಲ ಹಗುರ, ಕೊನೇದು ಉದ್ದ. ಹೋಗು, ತೋಟದ ಆ ತುದೀಗೆ ಹೋಗಿ ನಿಂತ್ಕೊ. ಅಲ್ಲಿಂದ ಕರಿ.’

ಹೋದೆ. ಕೆಸರಿನಲ್ಲಿ ಪಾದ ಹೂತುಕೊಂಡು, ಸೊಂಟದವರೆಗೆ ಸೊಪ್ಪಿನ ನಡುವೆ ನಿಂತು ಕೂಗಿದೆ. ‘ಪೊರ್ತ್-ಮೊ-ನೇಏಏ!’ ಕಾಮನಬಿಲ್ಲಿಗೆ ಅವರು ಆಕಾಶದ ಕಮಾನು ಎನ್ನುತ್ತಾರೆ, ಅದನ್ನೂ ಕೂಗಿದೆ. ‘ಆರ್-ಕಾಂ-ಸಿಯೆಎಎಲ್!’ ಮಂಜುಳ ಕುಡುಗೋಲು ಕೆಳಗೆ ಹಾಕಿ ನಗುತ್ತಾ ಕೂತುಬಿಟ್ಟಳು. ದೊಡ್ಡಮ್ಮ ಮೆಟ್ಟಿಲ ಮೇಲಿಂದ ಕೈ ಬೀಸುತ್ತಿದ್ದಳು: ಹತ್ತಿರ ಬಾ, ಇನ್ನೂ ಹತ್ತಿರ. ಹತ್ತಿರ ಬಂದಂತೆ ದನಿ ಇಳಿಯಿತು, ಎಳೆತ ಮೊಟಕಾಯಿತು. ಮೆಟ್ಟಿಲಿಗೆ ಬರುವಷ್ಟರಲ್ಲಿ ಕೊನೆಯಲ್ಲಿ ಕೂದಲೆಳೆಯಷ್ಟೇ ಉಳಿದಿತ್ತು. ಮೊದಲ ಸಲ ಅವಳು ‘ಊಹೂಂ’ ಅನ್ನಲಿಲ್ಲ.

ಒಂದು ಭಾಷೆ ತನ್ನ ಪ್ರತಿ ಮಾತಿನ ತುದಿಯಲ್ಲೂ ಯಾರನ್ನೋ ದೂರದಿಂದ ಕರೆಯುತ್ತಿದೆ ಎಂಬ ಭಾವನೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ವಿದ್ವಾಂಸರು ಒಪ್ಪಲಿಕ್ಕಿಲ್ಲ. ಜಂಗಮಕೋಟೆಯಲ್ಲಿ ಅದು ನಿಜವಾಗಿತ್ತು.

ಅದೇ ದಿನ ಇನ್ನೊಂದು ತೊಡಕು ಬಂತು. ಲೇಖನಿಯ ಹಿಡಿಗೆ ಪೊರ್ತೆ-ಪ್ಲುಮ್ ಎನ್ನುತ್ತಾರೆ, ಕೋಟು ನೇತುಹಾಕುವ ಗೂಟಕ್ಕೆ ಪೊರ್ತ್-ಮಾಂತೋ. ಎರಡರ ಮೊದಲ ಪದವೂ ಒಂದೇ, ಬರೆಯುವುದೂ ಒಂದೇ ಥರ. ಆದರೆ ಫೋನಿನ ಹೆಂಗಸು ಒಂದರಲ್ಲಿ ‘ತೆ’ ಎನ್ನುತ್ತಾಳೆ, ಇನ್ನೊಂದರಲ್ಲಿ ಅದನ್ನು ನುಂಗುತ್ತಾಳೆ. ರೆಕಾರ್ಡಿಂಗ್ ಕೆಟ್ಟಿದೆ ಎಂದು ನಾನು ಬಿಟ್ಟುಬಿಟ್ಟಿದ್ದೆ.

‘ಕೆಟ್ಟಿಲ್ಲ’ ಎಂದಳು ದೊಡ್ಡಮ್ಮ. ಜ್ವರಕ್ಕೆ ಕೂತ ಹುಳಗಳ ಮೇಲೆ ಕಣ್ಣಿಟ್ಟುಕೊಂಡೇ, ಬೆರಳಿನಲ್ಲಿ ಎಣಿಸುತ್ತಾ ಹತ್ತು ಸಲ ಕೇಳಿದಳು. ‘ಒಂದರಲ್ಲಿ ತೆ ಎದ್ದಿದೆ. ಇನ್ನೊಂದರಲ್ಲಿ ಮಲಗಿದೆ. ಯಾಕೆ? ಪ್ಲುಮ್ ಅನ್ನೋದು ಒಂದೇ ಅಕ್ಷರ, ಅದೇ ಗುರು. ಗುರು ಪಕ್ಕದಲ್ಲೇ ಬಂದು ನಿಂತವ್ನೆ. ಮಾಂತೋ ಎರಡಕ್ಷರ, ಗುರು ಒಂದು ಮನೆ ಆಚೆ. ಮೇಷ್ಟ್ರು ಬೆಂಚಿನ ಪಕ್ಕಕ್ಕೆ ಬಂದ್ರೆ ಹುಡುಗ್ರು ಏಳ್ತಾರೆ, ಆಚೆ ಸಾಲಲ್ಲಿದ್ರೆ ನಿದ್ದೆ ಹೊಡೀತಾರೆ. ಅಷ್ಟೇ!’

ನಾಲ್ಕು ವರ್ಷದ ನಂತರ ದಪ್ಪ ವ್ಯಾಕರಣ ಪುಸ್ತಕವೊಂದರಲ್ಲಿ ಈ ನಿಯಮವನ್ನು ನಾನು ಕಂಡೆ. ಎರಡನೇ ಭಾಗ ಒಂದೇ ಅಕ್ಷರದ್ದಾದರೆ ನಡುವಿನ ಸ್ವರ ಉಳಿಯುತ್ತದೆ, ಉದ್ದವಾದರೆ ಬೀಳುತ್ತದೆ, ಸಾಮಾನ್ಯವಾಗಿ. ಎರಡು ಪದ ಕೇಳಿ, ಹುಳದ ಮನೆಯಲ್ಲಿ ನಿಂತು, ಅವಳು ಅಷ್ಟನ್ನು ತೆಗೆದಿದ್ದಳು. ‘ಜ್ವರಕ್ಕೆ ಕೂತಿರೋದನ್ನ ಮಾತ್ರ ಎಬ್ಬಿಸ್ಬೇಡ ಕಣೇ’ ಎಂದು ಅವಳು ಕೊನೆಗೆ ಹೇಳಿದ್ದು ಹುಳಕ್ಕೋ ಸ್ವರಕ್ಕೋ ಎಂದು ಆಗ ಕೇಳಬೇಕಿತ್ತು. ಕೇಳಲಿಲ್ಲ.

ಪರೀಕ್ಷೆಯ ದಿನವೇ ಹುಳ ಹಣ್ಣಾಯಿತು. ಬೆಳಿಗ್ಗೆ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಹುಳ ಜೇನಿನ ಬಣ್ಣಕ್ಕೆ ತಿರುಗಿ, ಕೊರಳೆತ್ತಿ, ಬಾಯಲ್ಲಿ ಎಳೆ ಹಿಡಿದು ಜಾಗ ಹುಡುಕುತ್ತಿತ್ತು. ಅವನ್ನು ಹೆಕ್ಕಿ ಗೂಡು ಕಟ್ಟುವ ಬಿದಿರ ಚಂದ್ರಿಕೆಗೆ ಬಿಡಬೇಕು, ತಡ ಮಾಡಿದರೆ ರೇಷ್ಮೆ ಕಂಡಲ್ಲಿ ಚೆಲ್ಲಿಹೋಗುತ್ತದೆ. ‘ನಾನು ನಿಲ್ತೀನಿ’ ಎಂದೆ. ‘ನಿಂತ್ಕೊಂಡು ಏನ್ಮಾಡ್ತೀಯಾ? ನಾರಾಯಣಮ್ಮ ಅವ್ಳೆ, ಮಂಜುಳ ಅವ್ಳೆ. ನೀನು ಹೋಗಿ ಕೂಗು, ಹೋಗು’ ಎಂದು ದೊಡ್ಡಮ್ಮ ಬಾಗಿಲವರೆಗೆ ತಳ್ಳಿಕೊಂಡು ಬಂದಳು.

ಆ ದಿನ ನನಗೆ ಕೊಟ್ಟ ಹಾಳೆಯಲ್ಲಿ ವೆ-ರಾ-ಸ್ವಾ ಇತ್ತು ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಇರಲಿಲ್ಲ. ರೈಲು ನಿಲ್ದಾಣದ ಬಗ್ಗೆ ಯಾವುದೋ ಸಪ್ಪೆ ಹಾಳೆ. ಓದಿಸಿದವರು ಅದೇ ಮೇಡಂ, ಅದೇ ಕನ್ನಡಕ. ನಾನು ಮೇಜಿನ ಈಚೆ ಕೂತು, ಅವರನ್ನು ಹಿಪ್ಪುನೇರಳೆ ಸಾಲುಗಳ ಆಚೆ ನಿಲ್ಲಿಸಿಕೊಂಡು ಓದಿದೆ. ಮೊದಲ ಸಾಲು ಮುಗಿದಾಗ ಅವರು ತಲೆ ಎತ್ತಿದ್ದು ಕಂಡಿತು. ಪದಗಳು ಒಂದರ ಮನೆಯಿಂದ ಇನ್ನೊಂದರ ಮನೆಗೆ ಹೋಗುತ್ತಿದ್ದವು, ಭಾರ ಮುಂದಕ್ಕೆ ಮುಂದಕ್ಕೆ ಸರಿದು ತುದಿಯಲ್ಲಿ ಇಳಿಯುತ್ತಿತ್ತು. ಆ ಎರಡು ನಿಮಿಷ ಬಾಯಿ ನನ್ನದು ಅನ್ನಿಸಲಿಲ್ಲ. ಕೆಳಗಿಂದ ಮೂರನೇ ಸಾಲಿನಲ್ಲಿ ರೈಲಿನ ಸಾಮಾನು ಇಡುವ ಹಲಗೆ ಬಂತು. ಎಡವಿದೆ. ಸುಧಾರಿಸಿಕೊಂಡು ಮುಗಿಸಿದೆ.

ಜಂಗಮಕೋಟೆಗೆ ವಾಪಸು ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಚಂದ್ರಿಕೆಗಳನ್ನು ಸಾಲಾಗಿ ಒರಗಿಸಿದ್ದರು. ದೊಡ್ಡಮ್ಮ ಕೊನೆಯ ತಟ್ಟೆಯ ಮುಂದೆ ಬಗ್ಗಿದ್ದಳು. ಪಾಸೇ ಫೇಲೇ ಎಂದು ಕೇಳಲಿಲ್ಲ.

‘ಯಾವ ಸಮಾಸ ಕೊಟ್ರು?’

‘ಬಗಾಜ್ ಅಂದ್ರೆ ಸಾಮಾನು. ಅದನ್ನ ಹೊರೋದು. ಅದೇ, ಪೊರ್ತ್ ಥರದ್ದೇ...’

ನಾನು ಪೂರ್ತಿ ಪದ ಹೇಳುವುದಕ್ಕೆ ಮುಂಚೆ ಅವಳ ತುಟಿ ಅಲುಗಿತು. ಹುಳ ಹಿಡಿದ ಬೆರಳು ಗಾಳಿಯಲ್ಲಿ ಎರಡು ಬಟ್ಟಲು, ಒಂದು ಗೆರೆ ಬರೆಯಿತು. ‘ಪೊರ್ತ್-ಬ-ಗಾಜ್. ಎರಡಕ್ಷರ ಮುಂದಿದೆ. ತೆ ಮಲಗಿರ್ಬೇಕಲ್ಲ?’

ಆ ಪದವನ್ನು ಅವಳು ಅದುವರೆಗೂ ಕೇಳಿರಲಿಲ್ಲ.

ನಾನು ನೆಲ ನೋಡಿದೆ. ‘ಪೊರ್ತೆ ಅಂದ್ಬಿಟ್ಟೆ ದೊಡ್ಡಮ್ಮ.’

‘ಅಯ್ಯೋ! ಎಬ್ಬಿಸ್ಬಿ‌ಟ್ಯೇನೇ?’

ನಾರಾಯಣಮ್ಮ ಗಾಬರಿಯಿಂದ ಹುಳದ ತಟ್ಟೆ ನೋಡಿದಳು. ‘ಏನ್ ಎಬ್ಬಿಸಿದ್ಳು?’

‘ನಿಂಗಲ್ಲ ಬಿಡೇ’ ಎಂದು ದೊಡ್ಡಮ್ಮ ನನ್ನ ಕಡೆ ತಿರುಗಿದಳು. ‘ಏನಂದ್ರು ಮತ್ತೆ ಆ ಮೇಡಂ?’

‘ನಕ್ಕರು. ಎಲ್ಲಿ ಕಲಿತ್ರಿ ಇದನ್ನ, ಬೆಂಗಳೂರಲ್ಲಂತೂ ಅಲ್ಲ ಅಂದ್ರು. ಪಾಸು.’

‘ಪಾಸಾಗಿದ್ದು ಸರಿ. ಮಲಗಿದ್ದನ್ನ ಎಬ್ಬಿಸಿದ್ದು ತಪ್ಪು’ ಎಂದು ದೊಡ್ಡಮ್ಮ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಯ ಸುರುಳಿಯೊಳಗೆ ಬಿಟ್ಟಳು. ಎರಡೂ ಕೈಯನ್ನು ಸೆರಗಿಗೆ ಒರೆಸಿ ನನ್ನ ಮುಂದೆ ಚಾಚಿದಳು. ‘ಈಗ ಕೊಡು ನೋಟ್‌ಬುಕ್ಕು.’

ಬ್ಯಾಗಿನ ತಳದಿಂದ ತೆಗೆದು ಕೊಟ್ಟೆ. ಅವಳು ಮೆಟ್ಟಿಲ ಮೇಲೆ ಕೂತು, ಅದನ್ನು ತೊಡೆಯ ಮೇಲೆ ಬಿಡಿಸಿ, ಇಂಗ್ಲಿಷ್ ಅಕ್ಷರ ಕೂಡಿಸಿ ಓದುವವಳ ಹಾಗೆ ಒಂದೊಂದನ್ನೇ ಬೆರಳಿನಿಂದ ಮುಟ್ಟುತ್ತಾ ಹೋದಳು. ‘ಇಷ್ಟೊಂದು ಬರೆದು ಇಷ್ಟೇ ಅಂತಾರಾ! ಕೊನೇದು ಮೂರಕ್ಷರ ಸುಮ್ಮನೆ ಕೂತವೆ. ಪಾಪ.’ ನನ್ನ ಪೆನ್ನು ಕಿತ್ತುಕೊಂಡು, ಪುಟಪುಟದಲ್ಲೂ ನನ್ನ ಬರಹದ ತಲೆಯ ಮೇಲೆ ಬಟ್ಟಲು, ಬಟ್ಟಲು, ಗೆರೆ. ಕತ್ತಲಾಗುವವರೆಗೂ ತಿದ್ದಿದಳು.

ಆ ಪುಟಗಳ ನಡುವೆ ಅವಳ ಬೆರಳಿನಿಂದ ಜಾರಿದ ರೇಷ್ಮೆ ಎಳೆಯೊಂದು ಅಂಟಿಕೊಂಡಿದೆ ಎಂದು ನಾನು ಎಷ್ಟೋ ವರ್ಷದಿಂದ ನಂಬಿದ್ದೆ. ಬಸ್ಸಿನಲ್ಲಿ ಆ ಸೊಪ್ಪಿನ ವಾಸನೆ ಬಂದ ದಿನ ಮನೆಗೆ ಹೋಗಿ ತೆಗೆದು ನೋಡಿದೆ. ಎಳೆ ಇಲ್ಲ. ಶಾಲೆಯಲ್ಲಿ ಮಕ್ಕಳಿಗೆ ತೋರಿಸಿ ತೋರಿಸಿ ಪುಟದ ಅಂಚು ಹರಿದಿದೆ. ಆದರೆ ಪ್ರತಿ ಪುಟದ ಬಲ ಮೂಲೆಯಲ್ಲೂ, ಅವಳು ಹಿಡಿದು ಮಗುಚಿದ ಕಡೆ, ಸೊಪ್ಪಿನ ರಸ ಹತ್ತಿದ ಹೆಬ್ಬೆರಳ ಗುರುತು ಇದೆ. ಹಸಿರು ಹೋಗಿ ಕಂದಾಗಿದೆ.